ಬೇರೆ ತಟ್ಟೆ

ಅವನು ಮೊದಲು ನೋಡಿದ್ದು ಶ್ರೀವಾಣಿಯ ಕಣ್ಣನ್ನಲ್ಲ, ಹಣೆಯನ್ನು!

ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡ್ ಹಿಂದೆ 'ಉತ್ತರ ಚೀನಾದ ಊಟ' ಎಂಬ ಬೋರ್ಡು ಏರಿ ವಾರವಾಗಿತ್ತು. ಮಧ್ಯಾಹ್ನ ಮಗ್ಗದ ಕೆಲಸ ಮುಗಿಸಿದ ಹಸಿವಿನಲ್ಲಿ ಅವಳು ಧೈರ್ಯ ಮಾಡಿ ಒಳಗೆ ಹೋದಳು. ಹಿಟ್ಟು ಲಟ್ಟಿಸುತ್ತಿದ್ದವನು ಅವಳ ಹಣೆ ನೋಡಿ, ಎಷ್ಟು ಮರ್ಯಾದೆಯಿಂದ ಕೂರಿಸಿದನೆಂದರೆ ಅವಳ ಎದೆ ಸುಮ್ಮನೆ ಡವಗುಟ್ಟಿತು. ಇಪ್ಪತ್ತಾರರ ಎದೆ... ಅದಕ್ಕೆ ಬುದ್ಧಿ ಎಲ್ಲಿಂದ ಬರಬೇಕು ಹೇಳಿ!

ಅವನು ಮಹಾಂತೇಶ್. ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮಗ. ದೆಹಲಿಯ ಚೀನೀ ಹೋಟೆಲಿನಲ್ಲಿ ಆರು ವರ್ಷ ಅಡುಗೆ ಕಲಿತವನು. ಲಿಂಗಪೂಜೆಯ ಮನೆಯ ಹತ್ತಿರ ಮಾಂಸ ಬೇಯಿಸಕೂಡದು ಎಂದು ಅಪ್ಪ ಗದರಿದ್ದರಿಂದ ಇಲ್ಲಿಗೆ ಬಂದಿದ್ದ.

ಉಳಿದವರಿಗೆಲ್ಲ ಕುರಿಮಾಂಸದ ಡಂಪ್ಲಿಂಗ್ ಹೋಗುತ್ತಿತ್ತು. ಶ್ರೀವಾಣಿಗೆ ಅವನೇ ಆರಿಸಿ ಎಲೆಕೋಸಿನದು ತಂದಿಟ್ಟ. ನಮ್ಮ ಕಡುಬಿನ ಅಕ್ಕ ಎನ್ನಬೇಕು, ಅಂಚಿಗೆಲ್ಲ ಸೀರೆಯಂಥ ನಿರಿಗೆ. ಕಪ್ಪು ವಿನೆಗರಿನಲ್ಲಿ ಅದ್ದಿ ಕಚ್ಚಿದರೆ ಬಿಸಿ ರಸ ನಾಲಿಗೆ ಸುಟ್ಟಿತು. ಮರುವಾರ ಶೇಂಗಾ ಕಲಸಿದ ತಣ್ಣನೆಯ ನೂಡಲ್ಸ್, ಆಮೇಲೆ ಈರುಳ್ಳಿ ಸೊಪ್ಪಿನ ಪದರ ರೊಟ್ಟಿ. ನಿರಿಗೆ ಹಿಡಿಯುವುದನ್ನು ಅವನು ಒಮ್ಮೆ ತೋರಿಸಿದ್ದಕ್ಕೆ ಅವಳ ಬೆರಳು ಅವನಿಗಿಂತ ಚೆನ್ನಾಗಿ ಕಲಿತವು.

'ನನಗಾಗಿ ಆರಿಸಿ ಕೊಡ್ತಾನೆ...' ಎಂದು ಅವಳು ಬೀಗಿದಳು. ಪ್ರೀತಿ ಎಂಬ ಪದವನ್ನು ಮನಸ್ಸಿನಲ್ಲೇ ಹೇಳಿಕೊಂಡು ಕೆಂಪಾದಳು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಬ್ಯಾಂಕಿನವರೊಬ್ಬರು ಕಪಾಟಿನ ಮೇಲಿದ್ದ ಸ್ಟೀಲ್ ತಟ್ಟೆಗೆ ಕೈ ಹಾಕಿದರು.

"ಅದು ಮುಟ್ಟಬ್ಯಾಡ್ರಿ ಸರ್, ಅದರಾಗೆ ಅವ್ರಿಗೆ ಕೊಡೋದು," ಎಂದ ಮಹಾಂತೇಶ್, ಶ್ರೀವಾಣಿಯ ಕಡೆ ಕೈ ತೋರಿಸಿ.

ಊಟಕ್ಕೆ ಕಾಯುತ್ತ ಕೂತಿದ್ದ ಅವಳು ಸುತ್ತ ಕಣ್ಣಾಡಿಸಿದಳು. ಎಲ್ಲರದೂ ಬಿಳಿ ಪಿಂಗಾಣಿ. ತನ್ನದೊಂದೇ ಬೇರೆ, ತೊಳೆಯುವುದೂ ಬೇರೆ ಬಕೆಟ್ಟಿನಲ್ಲಿ. ಬೀದಿಯ ಹೆಸರು ಹೇಳಿದರೆ ಜಾತಿ ತಿಳಿಯುವ ಊರು ಇದು. ಅಜ್ಜಿ ಚಿತ್ತಮ್ಮ ಹುಡುಗಿಯಾಗಿದ್ದಾಗ ಕೊಂಡ್ಲಹಳ್ಳಿಯ ದೊಡ್ಡ ಮನೆಗೆ ಸೀರೆ ಹೊತ್ತು ಹೋದರೆ, ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ ಬೊಗಸೆಗೆ ನೀರು ಹುಯ್ಯುತ್ತಿದ್ದರಂತೆ. ಆ ಕಥೆ ಕೇಳಿಯೇ ಶ್ರೀವಾಣಿ ಬೆಳೆದಿದ್ದಳು.

ಊಟ ಬರುವ ಮೊದಲೇ ಎದ್ದು ಹೋದಳು. ಹನ್ನೆರಡು ದಿನ ಆ ದಿಕ್ಕಿಗೆ ತಲೆ ಹಾಕಲಿಲ್ಲ. ಅತ್ತಳು, ಬೈದುಕೊಂಡಳು, ಮತ್ತೆ ಅತ್ತಳು.

ಹದಿಮೂರನೆಯ ದಿನ ಮಹಾಂತೇಶ್ ಟಿಫಿನ್ ಕ್ಯಾರಿಯರ್ ಹಿಡಿದು ಅವಳ ಮನೆ ಬಾಗಿಲಲ್ಲಿ ನಿಂತಿದ್ದ. ಚಿತ್ತಮ್ಮ ಏನೂ ಕೇಳದೆ ಒಂದು ಲೋಟ ನೀರು ತಂದು ಮುಂದಿಟ್ಟು, ಕಣ್ಣು ಕೀಲಿಸಿ ನೋಡಿದಳು. ಅವನು ಎತ್ತಿ ಕುಡಿಯಲಿಲ್ಲ. ಕಚ್ಚಿಯೇ ಕುಡಿದು, ಇನ್ನೂ ಸ್ವಲ್ಪ ಬೇಕೆಂದ.

ಮಗ್ಗದ ಮುಂದೆ ಕೂತಿದ್ದ ಶ್ರೀವಾಣಿಗೆ ತಡೆಯಲಾಗಲಿಲ್ಲ.

"ನಮ್ಮ ಲೋಟ ಕಚ್ಚಿ ಕುಡಿತೀರಿ. ನಿಮ್ಮ ಅಂಗಡೀಲಿ ನನಗ್ಯಾಕೆ ಬ್ಯಾರೆ ತಟ್ಟೆ?"

ಅವನು ಕಕ್ಕಾಬಿಕ್ಕಿಯಾದ. "ವಿಭೂತಿ ಹಚ್ಚೋರು ನೀವು. ಮಾಂಸ ಇಟ್ಟ ತಟ್ಟೇಲಿ ಹೆಂಗ್ರಿ ಕೊಡ್ಲಿ?"

"ವಿಭೂತಿನಾ?"

ಚಿತ್ತಮ್ಮ ಗೊಳ್ಳೆಂದು ನಕ್ಕುಬಿಟ್ಟಳು. ಮಗ್ಗದ ಹಳೆಯ ಎಳೆಗೆ ಹೊಸ ಎಳೆ ಹೊಸೆಯುವಾಗ ರೇಷ್ಮೆ ಜಾರದಿರಲೆಂದು ಬೆರಳಿಗೆ ಬೂದಿ ಅದ್ದಿಕೊಳ್ಳುತ್ತಾರೆ. ಅದೇ ಕೈಯಲ್ಲಿ ಬೆವರು ಒರೆಸಿದರೆ ಹಣೆಗೆ ಮೂರು ಗೆರೆ! ಈಗಲೂ ಮೊಮ್ಮಗಳ ಹಣೆಯಲ್ಲಿ ಅದೇ ಇತ್ತು. "ಒಲೆ ಬೂದಿ ಕಣಪ್ಪ ಅದು. ವಾರಕ್ಕೊಂದು ದಿನ ಕೋಳಿ ಇಲ್ದಿದ್ರೆ ಇವಳು ಮುಖ ಊದಿಸ್ಕಂತಾಳೆ," ಎಂದು ಚಿತ್ತಮ್ಮ ಒಳಗೆ ಹೋದಳು.

ಅವನಿಗೂ ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ.

"ಅಂದ್ರೆ ಆ ತಟ್ಟೆ..." ಅವಳ ದನಿ ಸಣ್ಣಗಾಯಿತು.

"ಅದು ನಂದು. ನಾನು ಮಾಂಸ ಬೇಯಿಸ್ತೀನಿ, ತಿನ್ನಲ್ಲ. ನಾನು ಉಣ್ಣಾಕೆ ಅದೊಂದೇ ಬ್ಯಾರೆ ಇಟ್ಕಂಡೀನಿ. ನೀವು ಉಂಡು ಎದ್ದ ಮ್ಯಾಲೆ ತೊಳ್ಕಂಡು ಅದರಾಗೇ ಉಣ್ತಿದ್ದೆ. ಹನ್ನೆರಡು ದಿನ ಆಯ್ತು, ಊಟ ಗಂಟಲಾಗೆ ಇಳಿವಲ್ದು."

ಯಾರಿಗೂ ಮುಟ್ಟಗೊಡದ ತನ್ನ ತಟ್ಟೆಯನ್ನೇ ಕೊಟ್ಟವನನ್ನು ಏನೆಂದುಕೊಂಡೆನಲ್ಲ! ಶ್ರೀವಾಣಿಯ ಕಣ್ಣು ತುಂಬಿ ಬಂದವು. ನಾಚಿಕೆಯೂ ಆಯಿತು, ಹೇಳಲಾಗದಷ್ಟು ಸಂತೋಷವೂ ಆಯಿತು.

"ನಾನು ಮಾಂಸ ತಿಂತೀನಿ," ಎಂದಳು ಮೂಗೆಳೆಯುತ್ತ. "ಮದ್ವೆ ಆದ ಮ್ಯಾಲೂ ಬಿಡಲ್ಲ."

ಹೇಳಿದ ಮೇಲೆಯೇ ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆದದ್ದು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮಹಾಂತೇಶ್ ಟಿಫಿನ್ ಕ್ಯಾರಿಯರನ್ನು ಅವಳ ಮುಂದಿಟ್ಟ. ಆಮೇಲೆ ಮೊದಲ ಸಲ ಅವಳನ್ನು 'ನೀನು' ಎಂದ.

"ನೀನು ಬಿಡಬ್ಯಾಡ. ನಾನೇ ಬೇಯಿಸಿ ಕೊಡ್ತೀನಿ. ನಾಳೆ ಚಳ್ಳಕೆರೆಗೆ ಹೋಗಿ ಅಪ್ಪಾಜಿಗೆ ಹೇಳ್ತೀನಿ. ಸಿಟ್ಟಾಗ್ತಾರೆ, ಆಗ್ಲಿ... ನಾನು ಮಾತು ಬದಲ್ಸಲ್ಲ."

ಅವಳು ಸೆರಗು ಸರಿಸಿ ಅವನನ್ನು ನೋಡಿದಳು.

"ಹಂಗಾದ್ರೆ ಎರಡು ತಟ್ಟೆ ಇರ್ಲಿ. ಆದ್ರೆ ನಾನು ಎದ್ದ ಮ್ಯಾಲೆ ಉಣ್ಣೋದು ಬ್ಯಾಡ, ಪಕ್ಕದಾಗೇ ಕೂತ್ಕಳ್ರಿ."