ಮೂರೂವರೆ ಸೆಕೆಂಡಿನ ಕೈ

ಪರದೆಯ ಮೇಲಿನ ರೊಟ್ಟಿ ಕಾರ್ಖಾನೆಯಲ್ಲಿ ಮನುಷ್ಯರಿರಲಿಲ್ಲ, ಕೈಗಳು ಮಾತ್ರ ಇದ್ದವು. ಬೂದು ಬಣ್ಣದ ಇಪ್ಪತ್ತು ಜೋಡಿ ಕೈಗಳು ಪಟ್ಟಿಯ ಮೇಲೆ ಸಾಲಾಗಿ ಬರುವ ಖಡಕ್ ರೊಟ್ಟಿಗಳನ್ನು ಎತ್ತಿ, ಬೆಳಕಿಗೆ ಹಿಡಿದು ಬಿರುಕು ನೋಡಿ, ಹತ್ತರ ಕಟ್ಟಿಗೆ ಪೇರಿಸುತ್ತಿದ್ದವು. ಒಂದು ರೊಟ್ಟಿಗೆ ಮೂರೂವರೆ ಸೆಕೆಂಡು. ಇಪ್ಪತ್ತೂ ಜೋಡಿ ಒಬ್ಬಳೇ ಹುಡುಗಿಯ ಕೈಗಳು.

ಗಾಜಿನ ಗೋಡೆಯ ಆಚೆ, ನಿಜವಾದ ಕಾರ್ಖಾನೆಯಲ್ಲಿ, ಇಪ್ಪತ್ತು ಹೆಂಗಸರು ಆ ಕೈಗಳ ಬೆನ್ನು ಹತ್ತಿದ್ದರು. ಅವರಲ್ಲಿ ಏಳನೆಯ ಜಾಗದಲ್ಲಿ ನಿಂತವಳು ಚಿನ್ಮಯಿ ಬಡಿಗೇರ. ಪರದೆಯ ಮೇಲಿನ ಕೈಗಳು ಅವಳವೇ.

ಅದು 2061ನೆಯ ಇಸವಿ, ಊರು ಧಾರವಾಡ. ಯಂತ್ರದ ಹೆಸರು 'ನೆರಳು'. ಕೆಲಸ ಮಾಡುವವರಿಗೆ ತೆಳುವಾದ ಕೈಗವಸು ತೊಡಿಸಿ, ಚಾವಣಿಯ ಕ್ಯಾಮೆರಾಗಳಿಂದ ನೋಡುತ್ತ, ಬೆರಳು, ಮಣಿಕಟ್ಟು, ಭುಜಗಳ ಪ್ರತಿ ಚಲನೆಯನ್ನೂ ಅದು ಕಲಿಯುತ್ತಿತ್ತು. ಆಮೇಲೆ ಆ ಮನುಷ್ಯರ ನಕಲೊಂದನ್ನು ಕಟ್ಟಿ, ಗಣಕದೊಳಗಿನ ಕಾರ್ಖಾನೆಯಲ್ಲಿ ಒಂದು ವರ್ಷದ ಕೆಲಸವನ್ನು ಒಂದು ನಿಮಿಷದಲ್ಲಿ ಮಾಡಿ ತೋರಿಸುತ್ತಿತ್ತು. ಹಿಂದೆಲ್ಲ ಯಾರೋ ಒಬ್ಬರು ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತು ಅಳೆಯುತ್ತಿದ್ದ 'ಪ್ರಮಾಣ ಕಾಲ', ಅಂದರೆ ಒಂದು ಕೆಲಸಕ್ಕೆ ನ್ಯಾಯವಾಗಿ ಸಲ್ಲಬೇಕಾದ ಹೊತ್ತು, ಈಗ ನೆರಳಿನ ಬಾಯಿಂದಲೇ ಬರುತ್ತಿತ್ತು. ಪಟ್ಟಿಯೂ ಅದೇ ವೇಗದಲ್ಲಿ ಓಡುತ್ತಿತ್ತು. ಖಡಕ್ ರೊಟ್ಟಿಯನ್ನು ಮುರಿಯದೆ ಎತ್ತುವ ಕಬ್ಬಿಣದ ಕೈಯನ್ನು ಮಾತ್ರ ಇನ್ನೂ ಯಾರೂ ಮಾಡಿರಲಿಲ್ಲ. ಅದಕ್ಕಾಗಿ ಹೆಂಗಸರು ಬೇಕಾಗಿದ್ದರು.

ಚಿನ್ಮಯಿ ಸಾಗಣೆ ಎಂಜಿನಿಯರಿಂಗಿನ ಕೊನೆಯ ವರ್ಷದವಳು. ಉತ್ಪಾದನಾ ನಿರ್ವಹಣೆಯ ಪ್ರಾಜೆಕ್ಟಿಗೆಂದು ಕಳೆದ ಮಳೆಗಾಲದಲ್ಲಿ ಇದೇ ಸಾಲನ್ನು ಅಳೆಯಲು ಬಂದಿದ್ದಳು. ಅವತ್ತು ಹೆಂಗಸರೆಲ್ಲ ವಿಚಿತ್ರವಾಗಿ ನಿಧಾನವಾಗಿದ್ದರು. ಒಬ್ಬಳು ಸೆರಗು ಸರಿಮಾಡಿದಳು, ಒಬ್ಬಳು ಎತ್ತಿದ ರೊಟ್ಟಿಯನ್ನೇ ಎರಡೆರಡು ಸಲ ನೋಡಿದಳು. ಒಂದು ರೊಟ್ಟಿಗೆ ಏಳು ಸೆಕೆಂಡು ಬಂತು. ದಿನಾ ಐದರಲ್ಲಿ ಮುಗಿಯುತ್ತಿದ್ದ ಕೆಲಸ ಅದು. ಚಿನ್ಮಯಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಒಬ್ಬಳ ಕೈಗವಸು ಕಿತ್ತುಕೊಂಡು ತಾನೇ ತೊಟ್ಟಳು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಬಡಿಸಲು ನಿಂತ ನೆಂಟರ ಹುಡುಗಿಯ ಹಾಗೆ ನಲವತ್ತು ನಿಮಿಷ ಹಾರಾಡಿದಳು. ನೆರಳು ಅವಳನ್ನು ನುಂಗಿಕೊಂಡಿತು. ದಣಿವನ್ನು ಅದು ಕಾಣಲೇ ಇಲ್ಲ, ಕಾಣದ್ದನ್ನು ಕಲಿಯಲೂ ಇಲ್ಲ. ಪ್ರಾಜೆಕ್ಟಿಗೆ ಮೊದಲ ಸ್ಥಾನ ಬಂತು. ಮಂಗಳೂರಿನ ಬಂದರಿನಲ್ಲಿ ನೌಕರಿಯೂ ಗಟ್ಟಿಯಾಯಿತು. ಆದರೆ ಪದವಿ ಕೈಗೆ ಬರಬೇಕಾದರೆ ಒಂದು ನಿಯಮವಿತ್ತು: ಅಳೆದ ವಿದ್ಯಾರ್ಥಿ ಅದೇ ಸಾಲಿನಲ್ಲಿ ಆರು ವಾರ ಕೆಲಸ ಮಾಡಬೇಕು.

ಇವತ್ತು ಒಂಬತ್ತನೆಯ ದಿನ. ನಾಲ್ಕನೆಯ ದಿನಕ್ಕೇ ಅವಳಿಗೆ ಪರದೆಯ ಮೇಲಿನ ತನ್ನದೇ ಕೈಗಳನ್ನು ಹಿಡಿಯಲು ಆಗದೆ ಹೋಗಿತ್ತು.

"ಏ ಎಂಜಿನಿಯರ್ ಬಾಯಿ, ನಿನ್ನ ಕೈ ನಿನಗ ಸಿಗವಲ್ತೇನು?" ಎಂಟನೆಯ ಜಾಗದಿಂದ ಐಶ್ವರ್ಯಕ್ಕ ಕೇಳಿದಳು. ಐವತ್ತೈದರ ಹೆಂಗಸು, ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದಳು.

"ಮಾತಾಡಿದ್ರ ಒಂದು ರೊಟ್ಟಿ ತಪ್ಪತೈತಿ, ಅಕ್ಕಾ."

"ತಪ್ಪಲಿ ಬಿಡು. ನಂದು ಎರಡು ದಿನ ರೊಟ್ಟಿ ಲೆಕ್ಕ ಕಡಿಮಿ ಬಿದ್ದೈತಿ. ಮೂರನೇದು ಬಿತ್ತಂದ್ರ ಹೆಸರು ತಗದು ಮನಿಗೆ ಕಳಸ್ತಾರ. ಆಮ್ಯಾಲ ಕುಂತು ಮಾತಾಡೂದ ಐತಲ್ಲ."

ಆರನೆಯ ಜಾಗದ ಶಬಾನಾ ನಕ್ಕಳು, ಕಣ್ಣು ಮಾತ್ರ ಪಟ್ಟಿಯಿಂದ ಏಳಲಿಲ್ಲ. ಬಚ್ಚಲಿಗೆ ಹೋಗಬೇಕಾದೀತೆಂದು ಶಬಾನಾ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ ಎಂಬುದು ಚಿನ್ಮಯಿಗೆ ಮೊನ್ನೆ ತಿಳಿದಿತ್ತು. ತಾನೂ ಬಿಟ್ಟಿದ್ದೇನೆ ಎಂಬುದು ನಿನ್ನೆ ತಿಳಿಯಿತು.

"ಅಳತಿ ಮಾಡಾಕ ಬಂದಾಗ ಕೈ ನಿಧಾನ ಎಳಿಬೇಕವಾ," ಐಶ್ವರ್ಯಕ್ಕನ ದನಿ ತಗ್ಗಿತು. "ನಮ್ಮ ಅವ್ವಗೋಳ ಕಾಲದಿಂದ ಹಂಗ ಐತಿ. ನಿನಗ ಯಾರೂ ಹೇಳಿರಲಿಲ್ಲೇನು?"

"ಪುಸ್ತಕದಾಗ ಇತ್ತು. ಕಳ್ಳತನ ಅಂತ ಬರದಿದ್ರು."

"ಕಳ್ಳತನ ಅಲ್ಲ, ಉಸುರು. ಹೊಟ್ಟಿ ನೋಯೋ ದಿನ, ಮಗ್ಗಲ ಮನ್ಯಾಗ ಯಾರರ ಸತ್ತ ದಿನ, ಕೂಸು ನಿದ್ದಿ ಕೊಡದ ದಿನ, ಆ ದಿನಕ್ಕಂತ ತಗದಿಟ್ಟ ಉಸುರು. ನೀ ಬಂದು ಎಲ್ಲಾನೂ ಒಂದ ಗುಟಕಿಗೆ ಕುಡದ್ಯಲ್ಲ!"

ಚಿನ್ಮಯಿಯ ಕೈಯಲ್ಲಿದ್ದ ರೊಟ್ಟಿ ಮುರಿಯಿತು. ಅಜ್ಜಿ ಹೇಳುತ್ತಿದ್ದ ಒಂದು ಕತೆಯಲ್ಲಿ ರಕ್ಕಸಿಯೊಬ್ಬಳು ಹುಡುಗಿಯ ನೆರಳಿಗೆ ಬಾವಿಕಟ್ಟೆಯ ಮೇಲೆ ಮೊಳೆ ಹೊಡೆದು, "ಈಗ ಎಲ್ಲಿಗೆ ಬೇಕಾದರೂ ಹೋಗು" ಎನ್ನುತ್ತಾಳೆ. ಚಿಕ್ಕವಳಿದ್ದಾಗ ಅದರಲ್ಲಿ ಹೆದರುವುದೇನಿದೆ ಎಂದು ಅವಳಿಗೆ ಅರ್ಥವಾಗಿರಲಿಲ್ಲ.

ಮರುದಿನ ರವಿವಾರ. ನೆರಳನ್ನು ಕಂಡುಹಿಡಿದ ಡಾ. ಅರುಂಧತಿ ನಾಡಿಗೇರ ಅವರ ಪ್ರಯೋಗಾಲಯಕ್ಕೆ ಚಿನ್ಮಯಿ ಹೋದಳು. ಎಪ್ಪತ್ತರ ನಾಡಿಗೇರ ಮೇಡಂ ಮೇಜಿನ ಮೇಲೆ ಅವಲಕ್ಕಿ ಹರಡಿಕೊಂಡು ಒಂದೊಂದೇ ಶೇಂಗಾ ಆರಿಸಿ ತಿನ್ನುತ್ತಿದ್ದರು.

"ನನ್ನ ನೆರಳು ಅಳಸ್ರಿ ಮೇಡಂ. ನಾಳಿ ಅಷ್ಟರೊಳಗ."

"ನಾಳಿ ಏನದ?"

"ಐಶ್ವರ್ಯಕ್ಕನ ಕೈ ಊದೇತಿ. ಎರಡು ದಿನ ಆಗಲೇ ಕಡಿಮಿ ಬಿದ್ದೈತಿ, ನಾಳಿನೂ ಆಕಿ ಲೆಕ್ಕ ಮುಟ್ಟಂಗಿಲ್ಲ. ಕೆಲಸ ಹೋಗತೈತಿ."

ಮೇಡಂ ಅವಲಕ್ಕಿ ಸರಿಸಿದರು. "ಅಳಸ್ಲಿಕ್ಕೆ ಒಂದ ದಾರಿ ಅದ. 'ನನ್ನ ಅಳತೆ ಸುಳ್ಳು' ಅಂತ ನೀನ ಬರದು ಕೊಡಬೇಕು. ಪ್ರಾಜೆಕ್ಟ್ ಹೋಗ್ತದ. ವರ್ಷ ಹೋಗ್ತದ. ಬಂದರಿನವರು ಕಾಯೂದಿಲ್ಲ."

"ಸುಳ್ಳಲ್ರಿ. ನಲವತ್ತು ನಿಮಿಷದ ಮಟ್ಟಿಗೆ ಖರೇನ ಐತಿ."

"'ಮಟ್ಟಿಗೆ' ಅನ್ನೂದನ್ನ ಈ ಯಂತ್ರಕ್ಕ ಕಲಸ್ಲಿಕ್ಕೆ ನನಗ ಆಗಲಿಲ್ಲವಾ. ಸುಳ್ಳು ಇಲ್ಲಾ ಖರೆ. ಎರಡ."

ಚಿನ್ಮಯಿ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡಳು. ಅಪ್ಪ ಆಗಲೇ ಮಂಗಳೂರಿನಲ್ಲಿ ಬಾಡಿಗೆ ಮನೆ ವಿಚಾರಿಸಿಟ್ಟಿದ್ದರು. ಆದರೂ ಬರೆದುಕೊಟ್ಟಳು. ಸಹಿ ಹಾಕುವಾಗಲೂ ಅವಳ ಕೈ ಬೇಗ ಬೇಗನೆ ಓಡಿತು. ನಿಧಾನ ಮಾಡಲು ನೋಡಿದರೂ ಆಗಲಿಲ್ಲ.

ಮೇಡಂ ಗುಂಡಿ ಒತ್ತಿದರು. ಮೇಜಿನ ಪರದೆಯ ಮೇಲಿದ್ದ ಬೂದು ಕೈಗಳು ಕರಗಿದವು. "ಆತು. ನಾಳಿ ನಿಮ್ಮ ಪಟ್ಟಿ ಐದು ಸೆಕೆಂಡಿಗೆ ಓಡ್ತದ. ನಿಮ್ಮ ಐಶ್ವರ್ಯಾಂದು ಆ ಎರಡು ದಿನಾನೂ ತಗೀತಾರ."

ಚಿನ್ಮಯಿ ಎದ್ದಳು. ಬಾಗಿಲ ತನಕ ಹೋದವಳು ನಿಂತಳು. "ಅಳಿಸಿದ್ದು ಇಲ್ಲಿ ಅಷ್ಟೇನ್ರಿ?"

"ಕೂಡು," ಎಂದರು ಮೇಡಂ. "ನೆರಳು ಅಂದ್ರ ಹೆಪ್ಪು ಇದ್ದಂಗ. ಒಂದು ಕಡೆ ಕಲತದ್ದನ್ನ ಮತ್ತೊಂದು ಕಡೆ ಹಾಕಿ ಹೊಸಾ ನೆರಳು ಮಾಡ್ತಾರ. ನಿನ್ನ ಕೈ ನಲವತ್ತೊಂದು ಕಾರ್ಖಾನ್ಯಾಗ ಬೆರತದ. ಚಕ್ಕುಲಿ, ಬಿಸ್ಕೀಟು, ಔಷಧದ ಡಬ್ಬಿ. ಮೊಸರಾದ ಮ್ಯಾಲ ಹೆಪ್ಪು ಹೆಂಗ ತಗೀಲಿ?"

ಕಿಟಕಿಯಾಚೆ ಯಾರೋ ಕ್ರಿಕೆಟ್ ಆಡುತ್ತಿದ್ದರು. ಚಿನ್ಮಯಿ ಕುರ್ಚಿಗೆ ಮರಳಿದಳು. "ಹಂಗಾದ್ರ ಮೊದಲ ಹೆಪ್ಪು ಯಾರದ್ರಿ?"

ಮೇಡಂ ಹಳೆಯದೊಂದು ದೃಶ್ಯ ತೆರೆದರು. ಕ್ಯಾಮೆರಾ ಎತ್ತರದಲ್ಲಿದ್ದುದರಿಂದ ನೆತ್ತಿ ಮತ್ತು ಕೈಗಳಷ್ಟೇ ಕಾಣುತ್ತಿದ್ದವು. ಹುಬ್ಬಳ್ಳಿ ಹತ್ತಿರದ ಯಾವುದೋ ಗೋದಾಮು. ಹಸಿರು ಬಳೆ ತೊಟ್ಟ ಒಬ್ಬಾಕೆ ಪೆಟ್ಟಿಗೆಗಳಿಗೆ ಸಾಮಾನು ತುಂಬುತ್ತಿದ್ದಳು. ನೋಡಲು ಕಣ್ಣೇ ಸಾಲದಂಥ ಚುರುಕು.

"ಒಂದು ತಾಸಿನ ದಾಖಲೆ. ನನ್ನ ಯಂತ್ರ ಕಲತ ಮೊದಲ ಕೈ ಇದು. ಆಮ್ಯಾಲಿಂದ ಎಲ್ಲಾ ನೆರಳಿನ್ಯಾಗೂ ಈಕಿ ಇದ್ದಾಳ. ಹತ್ತು ವರ್ಷದ ಹಿಂದ ಹುಡಕಿಕೊಂಡು ಹೋಗಿ ಕೇಳಿದೆ, 'ಅವತ್ತ ಯಾಕ ಅಷ್ಟು ಜೋರು ಮಾಡಿದ್ರಿ' ಅಂತ. ಮುದಕಿ ನಕ್ಕುಬಿಟ್ಟಳು. ಮಗಳ ಸಾಲ್ಯಾಗ ಗ್ಯಾದರಿಂಗ್ ಇತ್ತಂತ. ನಾಕು ಗಂಟೆಕ್ಕ ಮಗಳ ಕುಣಿತ. ಅದೊಂದು ದಿನ ಲಗೂನ ಮುಗಿಸಿ ಹೋಗಬೇಕಾಗಿತ್ತಂತ."

"ಆಕಿಗೆ ಗೊತ್ತಿತ್ತೇನ್ರಿ, ಯಂತ್ರ ನೋಡಾಕತ್ತೈತಿ ಅಂತ?"

ಮೇಡಂ ಪರದೆಯ ಮೂಲೆಯಲ್ಲಿದ್ದ ತಾರೀಖನ್ನು ಬೆರಳಿನಿಂದ ತೋರಿಸಿದರಷ್ಟೇ. ಇಸವಿ 2026. ಆಗ 'ನೆರಳು' ಎಂಬ ಹೆಸರನ್ನೇ ಯಾರೂ ಕೇಳಿರಲಿಲ್ಲ.

2026ರ ಆ ದಿನ, ಹಸಿರು ಬಳೆಯ ಆ ಹೆಂಗಸು ಈಗಷ್ಟೇ ಮಧ್ಯಾಹ್ನದ ಊಟ ಮುಗಿಸಿ ಗೋದಾಮಿನೊಳಗೆ ಬಂದಿದ್ದಾಳೆ. ಮಗಳ ಲಂಗಕ್ಕೆ ಬೆಳಿಗ್ಗೆಯಷ್ಟೇ ಜರಿ ಹೊಲಿದು ಕೊಟ್ಟಿದ್ದಾಳೆ. ಮೂರು ಗಂಟೆಯೊಳಗೆ ಈ ಪೆಟ್ಟಿಗೆಗಳು ಮುಗಿದರೆ ಬಸ್ಸು ಸಿಗುತ್ತದೆ. ಗೋಡೆಯ ಗಡಿಯಾರ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ. ತಲೆಯ ಮೇಲೆ, ಚಾವಣಿಯಲ್ಲಿ, ಸಣ್ಣದೊಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ.