ಸದ್ದಿಲ್ಲದ ಬ್ರೇಕು

ಬೆಟ್ಟದ ಉದ್ಯಾನದ ಆ ಸೈಕಲ್ ದಾರಿ ಅಷ್ಟೇನೂ ಕಷ್ಟದ್ದಲ್ಲ. ಆದರೂ ಕಣಿವೆಯ ಮೇಲಿನ ತಿರುವು ದಾಟುತ್ತಿದ್ದಂತೆ ಅವಳ ಎದೆ ಧಸಕ್ಕೆಂದಿತು.

ದಾರಿಯ ನಡುವೆ ಅವನು! ಸೈಕಲ್ಲಿಗೆ ಒರಗಿ, ಕಣಿವೆ ನೋಡುತ್ತಾ ನಿಂತಿದ್ದಾನೆ. ಅವಳು ಬ್ರೇಕ್ ಅದುಮಿದಳು. ಮುಂದಿನ ಚಕ್ರ ಅವನ ಮಂಡಿಯಿಂದ ಗೇಣು ದೂರದಲ್ಲಿ ನಿಂತಾಗಲೇ ಅವನು ತಿರುಗಿದ್ದು.

ಅವನು ಅವಳ ಮುಖ ಬಿಟ್ಟು ಸೈಕಲ್ ಕಡೆ ನೋಡಿದ.

"ಬ್ರೇಕ್ ಸರಿ ಮಾಡಿಸಿದ್ಯಾ?"

ನೋಡಿ, ಚಳಿಗಾಲವಿಡೀ ಮುಖ ತೋರಿಸದವನ ಬಾಯಿಂದ ಬಂದ ಮೊದಲ ಮಾತು ಇದು! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಇಬ್ಬರೂ ದೂರವಾದದ್ದೇ ಆ ಬ್ರೇಕಿನಿಂದ. ಅವನದು ಸೈಕಲ್ ರಿಪೇರಿ ಅಂಗಡಿ. ಅವಳು ಎದುರಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪ್ರತಿ ಭಾನುವಾರ ಈ ದಾರಿಯಲ್ಲಿ ಇಬ್ಬರ ಸವಾರಿ. ಅವನು ಮುಂದೆ, ಇವಳು ಹಿಂದೆ. ಇಳಿಜಾರಿನಲ್ಲಿ ಅವಳ ಬ್ರೇಕ್ ಕೀಂ ಎಂದು ಕಿರುಚುತ್ತಿತ್ತು. ಸರಿ ಮಾಡಿಕೊಡು ಎಂದು ಎಷ್ಟು ಗೋಗರೆದರೂ, ಚೆನ್ನಾಗೇ ಹಿಡಿಯುತ್ತಲ್ಲ, ಇರಲಿ ಬಿಡು ಅನ್ನುತ್ತಿದ್ದ ಮಹಾರಾಯ. ಒಮ್ಮೆಯೂ ಹಿಂದಿರುಗಿ ನೋಡುತ್ತಿರಲಿಲ್ಲ.

'ಊರಿನವರದ್ದೆಲ್ಲ ಮಾಡ್ತಾನೆ, ನನ್ನದೊಂದೇ ಬೇಡ...' ಒಂದು ದಿನ ಬಾಯಿಗೆ ಬಂದಂತೆ ಬೈದು ಹೊರಟೇಬಿಟ್ಟಳು. ಅವನು ತಡೆಯಲೂ ಇಲ್ಲ.

ಈಗ ಊರಿನ ಇನ್ನೊಂದು ತುದಿಯಲ್ಲಿ ಬೇರೆ ಅಂಗಡಿ, ಬಾಡಿಗೆ ಕೋಣೆ. ಸಂಜೆ ಬೀಗ ತೆಗೆದರೆ ಮಾತಾಡಿಸಲು ನರಪಿಳ್ಳೆಯೂ ಇಲ್ಲ. ರೇಡಿಯೊ ಹಾಕಿ ಅದಕ್ಕೇ ಉತ್ತರ ಕೊಡುವ ಅಭ್ಯಾಸವಾಗಿತ್ತು. ಅಕ್ಕ ಫೋನ್ ಮಾಡಿದರೆ ಆರಾಮಾಗಿದೀನಿ ಎನ್ನುವ ಸುಳ್ಳು ಬೇರೆ. ಈ ದಾರಿಯನ್ನು ಒಬ್ಬಳೇ ಮುಗಿಸಿದರೆ ಅವನನ್ನು ಮರೆತಂತೆ ಎಂದುಕೊಂಡು ಇವತ್ತು ಬಂದಿದ್ದಳು.

"ಹೌದು, ಮಾಡಿಸ್ದೆ. ನಿನಗೇನು?"

ಅವನು ತಲೆ ತಗ್ಗಿಸಿದ. "ಆ ಸದ್ದಿದ್ರೆ ನೀನು ಹಿಂದೆ ಇದೀಯ ಅಂತ ಗೊತ್ತಾಗ್ತಿತ್ತು. ಈ ಇಳಿಜಾರಲ್ಲಿ ತಿರುಗಿ ನೋಡೋಕಾಗಲ್ವಲ್ಲ... ಕಿವಿ ಮಾತ್ರ ನಿನ್ನ ಹತ್ರಾನೇ ಇರ್ತಿತ್ತು."

ಅವಳ ಕೋಪ ಅರ್ಧಕ್ಕರ್ಧ ಇಳಿದುಹೋಯಿತು.

"ಅದನ್ನ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ನಗ್ತೀಯ ಅಂತ ಸುಮ್ನಿದ್ದೆ. ನೀನು ಹೋದ ಮೇಲೂ ಪ್ರತಿ ಭಾನುವಾರ ಬರ್ತೀನಿ. ಇಲ್ಲೇ ನಿಂತು ಕಿವಿಗೊಟ್ಟಿರ್ತೀನಿ. ಇವತ್ತು ನೀನು ಬಂದ್ರೂ ಕೇಳಿಸ್ಲಿಲ್ಲ..."

'ಅಯ್ಯೋ ಪೆದ್ದಾ! ನಾನು ಗೋಡೆ ನೋಡ್ಕೊಂಡು ಕೂತಿದ್ದಾಗ ನೀನಿಲ್ಲಿ ನಿಂತಿದ್ಯಾ?' ಅವಳಿಗೆ ಅಳು ಬಂತು. ಅದನ್ನು ತೋರಿಸಿಕೊಳ್ಳದೆ ಪೆಡಲ್ ಮೇಲೆ ಕಾಲಿಟ್ಟಳು.

"ನಡಿ. ಈ ಸಲ ನಾನು ಮುಂದೆ."

ಇಳಿಜಾರು ಶುರುವಾಯಿತು. ಕಿವಿಯಲ್ಲಿ ಗಾಳಿಯದೊಂದೇ ಸದ್ದು. ಅವನ ಸೈಕಲ್ಲೋ, ಎಣ್ಣೆ ಉಂಡು ಬೆಳೆದದ್ದು, ಪಿಟಕ್ಕೆನ್ನುವುದಿಲ್ಲ. ಹಿಂದೆ ಬರುತ್ತಿದ್ದಾನೋ, ಅಲ್ಲೇ ನಿಂತುಬಿಟ್ಟನೋ? ತಿರುಗಿ ನೋಡುವಂತಿಲ್ಲ. ಕೋಣೆಯ ಆ ಮೌನವೇ ಬೆನ್ನಟ್ಟಿ ಬಂದಂತಾಗಿ ಅವಳಿಗೆ ಭಯವಾಯಿತು. ಅಷ್ಟು ಭಾನುವಾರ ಅವನ ಜೀವ ಹೇಗೆ ಹೊಡೆದುಕೊಂಡಿತ್ತೆಂದು ಈಗ ತಿಳಿಯಿತು.

"ಇದೀಯಾ?"

"ಇದೀನಿ."

ಮುಂದಿನ ತಿರುವಿನಲ್ಲಿ ಅವಳು ಕೇಳುವ ಮೊದಲೇ ದನಿ ಬಂತು. "ಇದೀನಿ ಕಣೆ."

ಕಣ್ಣು ತುಂಬಿ ದಾರಿ ಮಸುಕಾಯಿತು. ಅವಳು ಮೆಲ್ಲಗೆ ಬ್ರೇಕ್ ಹಿಡಿದಳು.

"ಹೂಂ... ಹೇಳ್ತಾನೇ ಇರು."