ಎಚ್ ಇಲ್ಲದ ಅಗಸಿ

ಆಗಸ್ಟ್ ೬, ಮಂಗಳವಾರ, ಬೆಳಿಗ್ಗೆ ೧೧.೨೦. ಅಂಧೇರಿ ಪೂರ್ವದ ಠಾಣೆಗೆ ದೂರು ತಂದವರು ಸುಭಾಷ ಪ್ರಧಾನ. ದೂರದ ಊರುಗಳ ಆಸ್ಪತ್ರೆಗಳಿಂದ ಸ್ಕ್ಯಾನ್ ಚಿತ್ರಗಳನ್ನು ಮುಂಬಯಿಯ ವೈದ್ಯರಿಗೆ ತಲುಪಿಸುವ ಕಂಪನಿಯೊಂದರ ಮ್ಯಾನೇಜರ್. ಕೈಯಲ್ಲಿ ನಾಲ್ಕು ಪುಟದ ದೂರು, ಬಾಯಲ್ಲಿ ಆಗಲೇ ಅಪರಾಧಿಯ ಹೆಸರು. ಹೀಗೆ ಅಪರಾಧಿಯನ್ನು ತಾವೇ ಗೊತ್ತುಮಾಡಿಕೊಂಡು ಬರುವ ದೂರುದಾರರೆಂದರೆ ಇನ್‌ಸ್ಪೆಕ್ಟರ್ ಮಾಧುರಿ ಬಿರಾದಾರರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

“ಮೊದಲು ಏನಾಯಿತು ಹೇಳಿ. ಯಾರು ಮಾಡಿದರು ಅನ್ನೋದನ್ನ ನಾವು ನೋಡ್ತೇವೆ,” ಎಂದರು ಮರಾಠಿಯಲ್ಲಿ.

ಆದದ್ದು ಇಷ್ಟು. ನೆಲದಡಿಯ ಕೇಬಲ್ ಎಂದಾದರೂ ಕಡಿದರೆ ಇರಲಿ ಎಂದು ಕಂಪನಿ ಒಂದು ಉಪಗ್ರಹ ಲಿಂಕ್ ಇಟ್ಟುಕೊಂಡಿತ್ತು. ಬಲು ದುಬಾರಿ. ಅದಕ್ಕೇ ಅದು ಸದಾ ಮುಚ್ಚಿರುತ್ತದೆ. ಬೇಕೆಂದಾಗ ತೆರೆದು, ಮೂರು ನಿಮಿಷ ಯಾರೂ ಬಳಸದಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ತಿಂಗಳಿಗೆ ಒಟ್ಟು ನೂರಿಪ್ಪತ್ತು ಗಂಟೆ, ಅದರ ಮೇಲೆ ಒಂದು ನಿಮಿಷವೂ ಇಲ್ಲ. ಜುಲೈ ೨೯ರ ಮಧ್ಯಾಹ್ನ ರಸ್ತೆ ಅಗೆಯುವವರು ಕೇಬಲ್ ಕಡಿದರು. ಅದೇ ಹೊತ್ತಿಗೆ ಜವ್ಹಾರದ ಸಣ್ಣ ಆಸ್ಪತ್ರೆಯೊಂದರಲ್ಲಿ ಲಕ್ವ ಹೊಡೆದ ರಂಜನಾ ಎಂಬ ಹೆಂಗಸಿನ ತಲೆಯ ಸ್ಕ್ಯಾನ್ ಮುಂಬಯಿಗೆ ಹೊರಟು ನಿಂತಿತ್ತು. ಲಿಂಕ್ ತೆರೆಯಲೇ ಇಲ್ಲ. ನೂರಿಪ್ಪತ್ತು ಗಂಟೆಗಳೂ ೧೭ರ ಸಂಜೆಗೇ ತೀರಿಹೋಗಿದ್ದವು. ಚಿತ್ರ ತಲುಪುವಾಗ ಎರಡು ತಾಸು ತಡವಾಗಿತ್ತು. ಹೆಂಗಸು ಉಳಿದಳು, ಮಾತು ಹೋಯಿತು.

“ಮಾಡಿದವನು ನಮ್ಮ ಎಂಜಿನಿಯರ್ ಅನಿಲ. ಅವನ ಪಾಸ್‌ವರ್ಡ್‌ನಿಂದಲೇ ಆಗಿದೆ. ಇವತ್ತೇ ಒಳಗೆ ಹಾಕಿ,” ಎಂದರು ಪ್ರಧಾನ.

೧೨.೧೫ಕ್ಕೆ ಐಟಿ ಕಾಯ್ದೆಯ ಕಲಂ ೪೩ ಮತ್ತು ೬೬ರ ಅಡಿ ಎಫ್‌ಐಆರ್ ಆಯಿತು. ೨.೪೦ಕ್ಕೆ ಕಂಪನಿಯ ಮೂರನೆಯ ಮಹಡಿಯಲ್ಲಿ, ಕೆಳಗಿನ ಚಹಾದಂಗಡಿಯವನೂ ಪಕ್ಕದ ಪ್ರೆಸ್ಸಿನವನೂ ಪಂಚರಾಗಿ ನಿಂತು, ಪಂಚನಾಮೆ ಶುರುವಾಯಿತು. ಯಂತ್ರದೊಳಗೆ ಸಿಕ್ಕಿದ್ದು ಆರು ಸಾಲಿನ ಒಂದು ಆದೇಶ. ಎರಡು ನಿಮಿಷಕ್ಕೊಮ್ಮೆ ಲಿಂಕಿನ ಬಾಗಿಲು ಬಡಿ ಎನ್ನುತ್ತಿತ್ತು ಅದು. ಹೀಗೆ ಬಡಿಯುತ್ತಿದ್ದರೆ ಮೂರು ನಿಮಿಷದ ಸುಮ್ಮನಿರುವಿಕೆ ಎಂಬುದು ಬರುವುದೇ ಇಲ್ಲ, ಲಿಂಕ್ ಮುಚ್ಚುವುದೂ ಇಲ್ಲ. ಬರೆದ ದಿನ ಜುಲೈ ೮. ಆದೇಶಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರಿತ್ತು: ಎ, ಜಿ, ಎ, ಎಸ್, ಐ.

ಕಾನ್ಸ್‌ಟೇಬಲ್ ಅಮೋಲ್‌ನ ಮುಖ ಅರಳಿತು. “ಆಗಾಶಿ! ಮ್ಯಾಡಮ್, ವಿರಾರ್ ಹತ್ತಿರದ ಊರು. ಅನಿಲನ ಮನೆ ಎಲ್ಲಿ ಗೊತ್ತಾ? ಅಲ್ಲೇ!”

ಮರುದಿನ ಬೆಳಿಗ್ಗೆ ಅಮೋಲ್ ಲೋಕಲ್ ಹತ್ತಿ ಆಗಾಶಿಗೆ ಹೋಗಿ, ಅನಿಲನ ತಾಯಿಯನ್ನು ಗಾಬರಿಪಡಿಸಿ, ಹಳೆಯ ಲ್ಯಾಪ್‌ಟಾಪೊಂದನ್ನು ಹೊತ್ತು ತಂದ. ಅದರಲ್ಲಿ ಏನೂ ಇರಲಿಲ್ಲ. ಅನಿಲ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ಮೂವತ್ತೊಂದು ವರ್ಷದವನು ಎರಡೇ ದಿನಕ್ಕೆ ಸೊರಗಿಹೋಗಿದ್ದ.

“ಪಾಸ್‌ವರ್ಡ್ ಯಾರಿಗೆ ಗೊತ್ತು?”

“ನನಗೊಬ್ಬನಿಗೇ.”

“ಎಲ್ಲೂ ಬರೆದಿಟ್ಟಿಲ್ಲವಾ?”

ಅವನು ತಲೆ ತಗ್ಗಿಸಿದ. “ಯಂತ್ರದ ಕಪಾಟಿನ ಬಾಗಿಲ ಒಳಗೆ... ಚೀಟಿ ಅಂಟಿಸಿದ್ದೆ. ಮರೀಬಾರದು ಅಂತ.”

“ನಿನ್ನ ಊರಿನ ಹೆಸರು ಇಂಗ್ಲಿಷಿನಲ್ಲಿ ಬರಿ.”

ಅನಿಲ ಬರೆದ. ಎಸ್ ಆದಮೇಲೆ ಎಚ್ ಇತ್ತು.

ಮಾಧುರಿ ಅವನು ಬರೆದದ್ದನ್ನೇ ನೋಡುತ್ತ ಕೂತರು. ಹುಟ್ಟಿ ಬೆಳೆದ ಊರಿನ ಹೆಸರನ್ನು ಯಾರಾದರೂ ತಪ್ಪು ಬರೆಯುತ್ತಾರೆಯೇ? ಪಂಚನಾಮೆ ತೆಗೆದು ಆ ಆರು ಸಾಲುಗಳನ್ನು ಮತ್ತೆ ಓದಿದರು. ಬಡಿತ ಶುರು ಬೆಳಿಗ್ಗೆ ಆರಕ್ಕೆ, ನಿಲ್ಲುವುದು ಸಂಜೆ ಆರಕ್ಕೆ. ಓದುತ್ತಿದ್ದಂತೆ ಅಕ್ಕಲಕೋಟೆ ತಾಲೂಕಿನ ತಮ್ಮ ಊರೂ, ಓಣಿಯ ತುದಿಯಲ್ಲಿ ನಿಂತು ಕೂಗುತ್ತಿದ್ದ ಅಪ್ಪನೂ ನೆನಪಾದರು: “ಅಗಸಿ ಹಾಕೋದ್ರಾಗ ಮನಿಗೆ ಬಾ!” ಅಗಸಿ ಎಂದರೆ ಊರ ಹೆಬ್ಬಾಗಿಲು. ಬೆಳಗಾದರೆ ತೆರೆಯುತ್ತದೆ, ಹೊತ್ತು ಮುಳುಗಿದರೆ ಮುಚ್ಚುತ್ತದೆ. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ಮರಾಠಿ ಎಂದು ಬದುಕಿದ ತಮಗೆ ಇಷ್ಟು ಹೊಳೆಯಲು ಒಂದು ಇಡೀ ದಿನ ಬೇಕಾಯಿತಲ್ಲ ಎಂದು ತಮ್ಮ ಮೇಲೆಯೇ ಸಿಟ್ಟು ಬಂತು.

ಆಗಸ್ಟ್ ೭, ಸಂಜೆ ೪.೧೦, ಮತ್ತೆ ಕಂಪನಿಯ ಮೂರನೆಯ ಮಹಡಿ. ಪ್ರಧಾನರು ಹೇಳಿದಂತೆ ಆ ಕಪಾಟಿನ ಬೀಗದ ಕೈ ಇಬ್ಬರ ಬಳಿ. ಒಬ್ಬ ಅನಿಲ. ಇನ್ನೊಬ್ಬ ಹದಿನಾಲ್ಕು ವರ್ಷದಿಂದ ವೈರು ಕೂಡಿಸುತ್ತ, ಎಂಜಿನಿಯರುಗಳ ಬೆನ್ನ ಹಿಂದೆ ನಿಂತೇ ಕೆಲಸ ಕಲಿತ ಶೆಟ್ಟೆಪ್ಪ. ಇಂಡಿ ತಾಲೂಕಿನವನು, ಜೋಗೇಶ್ವರಿಯ ಚಾಳಿನಲ್ಲಿ ವಾಸ. ಹಾಜರಿ ಪುಸ್ತಕದಲ್ಲಿ ಜುಲೈ ೧ರಿಂದ ೭ರವರೆಗೆ ರಜೆ. ೮ರ ಬೆಳಿಗ್ಗೆ ಐದೂವರೆಗೇ ಹಾಜರು.

ಮಾಧುರಿ ಅವನನ್ನು ಎದುರು ಕೂರಿಸಿ ಕನ್ನಡದಲ್ಲೇ ಕೇಳಿದರು.

“ಕಾಕಾ, ನಿಮ್ಮೂರಾಗ ಅಗಸಿ ಯಾವಾಗ ಹಾಕ್ತಿದ್ರು?”

“ಹೊತ್ತ ಮುಣಗಿದ ಮ್ಯಾಲೆ ರೀ ಮೇಡಂ.” ಪಟ್ಟನೆ ಬಂತು ಉತ್ತರ. ಆಮೇಲೆ ಅವನ ಕಣ್ಣು ಕಪಾಟಿನತ್ತ ಹೋಯಿತು.

“ಆ ಆರು ಸಾಲು ಬರದವ್ರು ನೀವೇನು?”

“ಹೌದ್ರಿ. ನಾನs.”

“ರಜಾ ಯಾಕ ಹಾಕಿದ್ರಿ?”

“ದಾನವ್ವಂದು, ನನ್ನ ಹೇಣ್ತಿದು, ವರ್ಷದ ಕಾರ್ಯ ಇತ್ತು ರೀ.” ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. “ಹ್ವಾದ ವರ್ಷ ಊರಾಗ ಆಕಿ ಬಿದ್ಲು. ಸ್ಕ್ಯಾನ್ ಇಲ್ಲಿಗೇ ಬರೂದಿತ್ರಿ. ಕೇಬಲ್ ಕಡದಿತ್ತು. ಈ ಲಿಂಕ್ ಮಲಗಿದ್ದು ಏಳಲಿಲ್ಲ. ಅನಿಲ ಸಾಹೇಬ್ರು ಬರೂತನಕ ಇದs ಕಪಾಟಿನ ಮುಂದ ಕೆಂಪ ದೀಪ ನೋಡ್ಕೋತ ನಿಂತಿದ್ದೆ. ಕೈ ಹಚ್ಚಾಕ ನನಗ ಪರ್ಮಿಷನ್ ಇಲ್ಲ. ಅಷ್ಟ್ರಾಗ ಆಕಿ ಹೋದ್ಲು.”

ಹಾಜರಿ ಪುಸ್ತಕದ ನಕಲು ಬರೆದುಕೊಳ್ಳುತ್ತಿದ್ದ ಅಮೋಲ್, ಮಾತು ತಿಳಿಯದಿದ್ದರೂ, ಬರೆಯುವುದನ್ನು ನಿಲ್ಲಿಸಿದ್ದ.

“ಕಾರ್ಯ ಮುಗಿಸಿ ಬಂದವ್ನ ಆ ಚೀಟಿ ನೋಡಿ ಬರದೆ. ಯಾರರೆ ಬಂದ್ರ ಅಗಸಿ ತೆರದಿರ್ಲಿ ಅಂತ. ಒಂದು ರೂಪಾಯಿ ತಿಂದಿಲ್ರಿ ನಾನು. ತಪ್ಪೇನೈತಿ ಇದ್ರಾಗ?”

“ಜವ್ಹಾರದ ಹೆಣ್ಮಗಳ ಸುದ್ದಿ ಗೊತ್ತೈತೇನು?”

“ಗೊತ್ತೈತ್ರಿ. ಪಾಪ. ಲಿಂಕ್ ಬಂದ್ ಮಾಡ್ದಾಂವ ಹಾಳಾಗ್ಲಿ ಅಂತ ನಾನೂ ಶಾಪ ಹಾಕಿದ್ನ್ರಿ.”

ಅವನಿಗೆ ಗೊತ್ತೇ ಇಲ್ಲ ಎಂಬುದು ಮಾಧುರಿಗೆ ಆಗ ತಿಳಿಯಿತು. ಗಂಟೆಗಳ ಮಿತಿ ಕರಾರು ಪತ್ರದಲ್ಲಿತ್ತು. ಪತ್ರ ಪ್ರಧಾನರ ಡ್ರಾವರಿನಲ್ಲಿತ್ತು. ವೈರು ಕೂಡಿಸುವವನಿಗೆ ಅದನ್ನು ಯಾರು ಹೇಳುತ್ತಾರೆ? ಆದರೂ ಹೇಳುವ ಕೆಲಸ ಈಗ ತಮ್ಮ ಪಾಲಿಗೆ ಬಂದಿತ್ತು.

“ಕಾಕಾ, ಆ ಲಿಂಕಿಗೆ ತಿಂಗಳಿಗೆ ನೂರಿಪ್ಪತ್ತs ಗಂಟೆ. ನೀವು ದಿನಾ ಹನ್ನೆರಡು ಗಂಟೆ ತೆರದಿಟ್ರಿ. ಹತ್ತ ದಿನಕ್ಕ ತೀರ್ತು. ಆಕಿ ಬಂದಾಗ ಉಳದಿರಲಿಲ್ಲ.”

ಶೆಟ್ಟೆಪ್ಪ ಬೆರಳು ಮಡಚುತ್ತ ಎಂಟರಿಂದ ಹದಿನೇಳರವರೆಗೆ ಎಣಿಸಿದ. ಎರಡೂ ಕೈಯ ಬೆರಳು ಮುಗಿದವು.

“ತೆರದಿಟ್ರ ತೀರ್ತದೇನ್ರೀ ಅದು?” ಎಂದ.

ಸಂಜೆ ೫.೫೦ಕ್ಕೆ ಬಂಧನವಾಯಿತು. ಅನಿಲನಿಗೆ ಲ್ಯಾಪ್‌ಟಾಪ್ ಮರಳಿಸಿ ಮನೆಗೆ ಕಳಿಸಿದರು. ಕಲಂ ಜಾಮೀನು ಸಿಗುವಂಥದ್ದೇ. ಜಾಮೀನಿಗೆ ಯಾರಿದ್ದಾರೆ ಎಂದು ಕೇಳಿದರೆ ಶೆಟ್ಟೆಪ್ಪ ಬೇಡವೆಂದು ಕೈಯಾಡಿಸಿದ, ಜವ್ಹಾರಕ್ಕೆ ಯಾವ ಬಸ್ಸು ಹೋಗುತ್ತದೆ ಎಂದಷ್ಟೇ ಕೇಳಿದ. ಕೇಸ್ ಡೈರಿಯಲ್ಲಿ ಮಾಧುರಿ ಬರೆದರು: ‘ಲಾಭದ ಉದ್ದೇಶ ಕಂಡುಬಂದಿಲ್ಲ. ಪತ್ನಿಯ ಸಾವಿನ ದುಃಖದಿಂದ ಎಸಗಿದ ಕೃತ್ಯ. ಪರಿಣಾಮವನ್ನು ಆರೋಪಿ ತಿಳಿದದ್ದು ವಿಚಾರಣೆಯ ವೇಳೆಯಲ್ಲಿ, ತನಿಖಾಧಿಕಾರಿಯಿಂದ.’